ಹರಿಗೋಲು ಹೊಲಿದವನ ಮಗನ ಮೋಟರು

ನಮ್ಮಪ್ಪ ಹರಿಗೋಲಿಗೆ ತೊಗಲು ಹೊಲಿಯುತ್ತಿದ್ದ. ಅದೇ ಹರಿಗೋಲಿನಲ್ಲಿ ಹೊಳೆ ದಾಟಬೇಕಾದಾಗ ಊರವರೆಲ್ಲ ದಾಟಿ ಮುಗಿಯೋಗಂಟ ದಡದಲ್ಲಿ ನಿಂತಿರುತ್ತಿದ್ದ. ಇದನ್ನು ಹೇಳದೆ ನನ್ನ ಮೋಟರಿನ ಮಾತು ಎತ್ತಿದರೆ ಅದು ಅರ್ಧ ಮಾತಾಗುತ್ತದೆ. ಆದ್ದರಿಂದ ಮೊದಲು ಹರಿಗೋಲು, ಆಮೇಲೆ ಮೋಟರು.

ನಮ್ಮೂರು ಕಾವೇರಿ ದಂಡೆಯದು, ತಲಕಾಡಿನ ಕೆಳಗಡೆ. ನಾನು ಚಿಕ್ಕವನಾಗಿದ್ದಾಗ ಸೇತುವೆ ಇರಲಿಲ್ಲ. ಆಚೆ ದಡದ ಸಂತೆಗೆ, ಜಾತ್ರೆಗೆ, ಹೆಣ್ಣು ನೋಡುವುದಕ್ಕೆ, ಸಾವಿಗೆ, ಎಲ್ಲಕ್ಕೂ ಹರಿಗೋಲೇ ಗತಿ. ಬಿದಿರು ಸೀಳಿ ಬುಟ್ಟಿಯ ಹಾಗೆ ಹೆಣೆಯುವವರು ಮೇದರು. ಹುಟ್ಟು ಹಾಕುವವರು ಬೆಸ್ತರು. ತೊಗಲು ನಮ್ಮದು. ಊರಿನಲ್ಲಿ ಎಮ್ಮೆಯೋ ಎತ್ತೋ ಸತ್ತರೆ ಹೊತ್ತು ತರುವುದು, ಸುಲಿಯುವುದು, ಸುಣ್ಣದ ತೊಟ್ಟಿಯಲ್ಲಿ ನೆನೆ ಹಾಕುವುದು, ಕೂದಲು ಹೆರೆಯುವುದು, ತಂಗಡಿ ಚಕ್ಕೆಯ ರಸದಲ್ಲಿ ದಿನಗಟ್ಟಲೆ ಮುಳುಗಿಸಿ ಹದ ಮಾಡುವುದು, ಇಷ್ಟೂ ಆದ ಮೇಲೆ ಹೊಲಿಗೆ. ಹೊಲಿಗೆಯ ಒಂದೊಂದು ತೂತೂ ನೀರು ಒಳಕ್ಕೆ ಬರುವ ಬಾಗಿಲು. ಅಪ್ಪ ಒಂದೊಂದು ತೂತಿಗೂ ಕೊಬ್ಬು ಸವರಿ ಹೆಬ್ಬೆಟ್ಟಿನಲ್ಲಿ ಒತ್ತುತ್ತಿದ್ದ. ಅವನ ಹೆಬ್ಬೆಟ್ಟು ಚಪ್ಪಟೆಯಾಗಿತ್ತು.

ಹೊಸ ಹರಿಗೋಲು ನೀರಿಗೆ ಇಳಿಸುವ ದಿನ ಪೂಜೆ. ಕಾಯಿ ಒಡೆಯುವವರು ಯಾರೋ, ಆರತಿ ಎತ್ತುವವರು ಯಾರೋ, ಮೊದಲು ಹತ್ತಿ ಕೂರುವವರು ಯಾರೋ. ಅಪ್ಪ ಆಲದ ಮರದ ಬುಡದಲ್ಲಿ ಕೈಕಟ್ಟಿ ನಿಂತಿರುತ್ತಿದ್ದ. ಪೂಜೆಗಾಗಿ ಅಲ್ಲ, ಹೊಲಿಗೆ ಎಲ್ಲಾದರೂ ನೀರು ಕುಡಿದರೆ ಕರೀತಾರೆ ಅಂತ. ಸೋರದಿದ್ದರೆ ದೂರದಿಂದ ಎಲೆ ಅಡಿಕೆ ಎಸೆಯುತ್ತಿದ್ದರು. ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತರೆ ಎರಡು ಮೊರ ರಾಗಿ. ಸೋರಿದರೆ ಬೈಗುಳ. ಸೋರಿದ್ದನ್ನು ನಾನಂತೂ ನೋಡಲಿಲ್ಲ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯ ಹರಿಗೋಲುಗಳನ್ನು ನೋಡಿದ್ದ. ಬುಟ್ಟಿಯ ಹಾಗೆ ದುಂಡಗಿವೆ, ಹೊರಗಡೆ ತೊಗಲು ಹೊದಿಸಿದ್ದಾರೆ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕೆಂದರೆ ಕುದುರೆ ಎತ್ತುಗಳೂ ದಾಟುತ್ತವೆ ಎಂದು ಬರೆದಿಟ್ಟ. ಕುದುರೆ ದಾಟಿದ್ದು ಚರಿತ್ರೆಗೆ ಸಿಕ್ಕಿತು. ತೊಗಲು ಹೊದಿಸಿದವನು ಯಾವ ಕೇರಿಯವನು, ಅವನು ಯಾವಾಗ ದಾಟಿದ ಎಂಬುದು ಸಿಗಲಿಲ್ಲ. ಪಾಯಸನನ್ನು ದೂರಿ ಏನು ಪ್ರಯೋಜನ? ಇಲ್ಲಿ ಹುಟ್ಟಿದವರಿಗೇ ಅದು ಕಾಣಲಿಲ್ಲ.

ಹರಿಗೋಲು ಒಂದೇ ಅಲ್ಲ. ಬಾವಿಯಿಂದ ಕಪಿಲೆಯಲ್ಲಿ ನೀರೆತ್ತುವ ಬಾನೆ ನಮ್ಮದು, ಅದನ್ನು ಎಳೆಯುವ ಮಿಣಿ ನಮ್ಮದು. ಆ ಬಾನೆಯಲ್ಲಿ ಬಂದ ನೀರಿನಿಂದ ಬೆಳೆದ ಭತ್ತಕ್ಕೆ ಮೈಲಿಗೆ ಇರಲಿಲ್ಲ. ಬಾನೆ ಹೊಲಿದವನು ಬಾವಿಯ ಕಟ್ಟೆ ಹತ್ತಿದರೆ ಬಾವಿಯೇ ಕೆಡುತ್ತಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಆಮೇಲೆ ಅಲ್ಲಿನವರು ಸೆಗಣಿ ಗಂಜಲ ಸುರಿದು ಆ ಕೆರೆಯನ್ನು ಶುದ್ಧಿ ಮಾಡಿದರು. ಅದಾಗಿ ಐವತ್ತು ವರ್ಷ ಕಳೆದ ಮೇಲೆ ನಮ್ಮೂರಿಗೆ ಬೋರಿಂಗ್ ಕೈಪಂಪು ಬಂತು. ಆ ಪಂಪಿನ ಒಳಗೆ ನೀರು ಎತ್ತುವುದು ಬಟ್ಟಲಿನಾಕಾರದ ತೊಗಲಿನ ವಾಷರು. ಅದು ಸವೆದಾಗ ಅಪ್ಪನನ್ನು ಕರೆಸಿ ಅಳತೆ ಕೊಟ್ಟು ಕತ್ತರಿಸಿಕೊಂಡರು. ಪಂಪು ರಿಪೇರಿಯಾದ ಮೇಲೆ ಅವ್ವ ಬಿಂದಿಗೆ ಹಿಡಿದು ಹೋದಳು. ಹಿಡಿ ಮುಟ್ಟಬೇಡ, ಯಾರಾದರೂ ಒತ್ತಿ ಕೊಡ್ತಾರೆ, ನಿಂತ್ಕೊ ಅಂದರು. ಅವ್ವ ನಿಂತಳು.

ನಿಲ್ಲುವುದು. ನಮ್ಮ ಜನ ಬದುಕಿನಲ್ಲಿ ಮಾಡಿದ ಕೆಲಸವನ್ನೆಲ್ಲ ಒಂದು ಕಡೆ ಹಾಕಿ, ನಿಂತು ಕಾದ ಹೊತ್ತನ್ನೆಲ್ಲ ಇನ್ನೊಂದು ಕಡೆ ಹಾಕಿ ತೂಗಿದರೆ ಯಾವುದು ಹೆಚ್ಚಾಗುತ್ತದೋ!

ಈಗ ಮೋಟರಿಗೆ ಬರುತ್ತೇನೆ.

ಐಟಿಐ ಮುಗಿಸಿ ಕೆಲಸ ಹುಡುಕುತ್ತಾ ಘಟ್ಟ ಇಳಿದವನು ನಾನು. ಕರಾವಳಿಯ ಒಬ್ಬ ಬಸ್ ಮಾಲೀಕರ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಗ್ರೀಸು ಬಳಿದುಕೊಂಡೆ. ಮೊದಲ ಆರು ವರ್ಷ ನನ್ನ ಪಾಲಿಗೆ ಬಂದದ್ದು ಬಸ್ಸಿನ ಹೊಟ್ಟೆಯ ಕೆಳಗಿನ ಕೆಲಸ. ಬ್ರೇಕ್ ಡ್ರಮ್ಮಿನ ಧೂಳು, ಪಟ್ಟಾ ಸ್ಪ್ರಿಂಗು, ಕೆಸರು. ಇಂಜಿನ್ ಬಿಚ್ಚುವ ಮೇಜಿನ ಹತ್ತಿರ ಹೋದರೆ ದೊಡ್ಡ ಮೇಸ್ತ್ರಿ ಬೆನ್ನು ತಿರುಗಿಸಿ ಮರೆ ಮಾಡಿಕೊಳ್ಳುತ್ತಿದ್ದ. ಟ್ಯಾಪೆಟ್ಟಿನ ಸಂದಿಗೆ ಯಾವ ದಪ್ಪದ ತಗಡು ತೂರಿಸಿದ ಎಂದು ಕೇಳಿದರೆ ನಗುತ್ತಿದ್ದ. "ಇದು ನಿಮ್ಮೋರ ಕೈಗೆ ಹತ್ತುವುದಲ್ಲ ಮಾರಾಯ. ನೀನು ಅಡಿ ನೋಡು" ಎನ್ನುತ್ತಿದ್ದ. ಕೆಟ್ಟ ಮನುಷ್ಯನಲ್ಲ, ಹಬ್ಬಕ್ಕೆ ದುಡ್ಡು ಕೊಟ್ಟವನು. ಆದರೆ ವಿದ್ಯೆ ಕೊಡಲಿಲ್ಲ. ನಾನು ರಾತ್ರಿ ಪಾಳಿಯಲ್ಲಿ ಕಾವಲುಗಾರ ಮಲಗಿದ ಮೇಲೆ ಮೂಲೆಗೆ ಎಸೆದಿದ್ದ ಹಳೆ ಇಂಜಿನ್ನುಗಳನ್ನು ಬಿಚ್ಚಿ ಜೋಡಿಸಿ ಕಲಿತೆ. ಏಕಲವ್ಯನಾದರೂ ಮಣ್ಣಿನ ಗುರುವನ್ನು ಕೂರಿಸಿಕೊಂಡಿದ್ದ. ನಾನು ಗುರು ಬೇಡ ಅಂತಲೇ ಕೂತೆ. ಹೆಬ್ಬೆಟ್ಟು ಉಳಿಯಿತು.

ಜಾತಿ ಬರೀ ಕೆಲಸವನ್ನು ಹಂಚುವುದಿಲ್ಲ, ಕೆಲಸ ಮಾಡುವವರನ್ನೇ ಮೆಟ್ಟಿಲು ಮೆಟ್ಟಿಲಾಗಿ ಕೂರಿಸುತ್ತದೆ ಎಂಬ ಅರ್ಥದ ಮಾತನ್ನು ಬಾಬಾಸಾಹೇಬರು 1936ರಲ್ಲೇ ವಿವರಿಸಿ ಬರೆದಿದ್ದರು. ಅದನ್ನು ನಾನು ಓದಿದ್ದು ಎಷ್ಟೋ ವರ್ಷ ಆದ ಮೇಲೆ. ಓದಿದಾಗ ಬಸ್ಸಿನ ಅಡಿಯಲ್ಲಿ ಮಲಗಿ ಮೇಲೆ ನೋಡಿದ ಹಾಗೇ ಆಯಿತು.

ಆ ಊರಿನಲ್ಲಿ ಸಂಜೆ ಕಡಲ ದಂಡೆಗೆ ಹೋಗುತ್ತಿದ್ದೆ. 1980ರ ದಶಕದಲ್ಲಿ ಕೇರಳದ, ನಮ್ಮ ಕರಾವಳಿಯ ನಾಡದೋಣಿಗಳಿಗೆ ಔಟ್‌ಬೋರ್ಡ್ ಮೋಟರು ಬಂತು. ದೋಣಿಯ ಹಿಂದಿನ ಹಲಗೆಗೆ ಎರಡು ತಿರುಪಿನಲ್ಲಿ ಕಚ್ಚಿಸುವ ಇಂಜಿನ್ನು. ಮೇಲೆ ತಲೆ, ನಡುವೆ ಉದ್ದನೆ ಕಾಲು, ನೀರಿನೊಳಗೆ ಪ್ರೊಪೆಲ್ಲರು. ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ ಬಿಡುತ್ತಿದ್ದರು. ಹುಟ್ಟು ಹಾಕಿ ಹಾಕಿ ಭುಜ ಕಿತ್ತುಹೋದ ಗಂಡಸರು ಹಗ್ಗ ಎಳೆದು ಅದನ್ನು ಚಾಲೂ ಮಾಡುವಾಗ ಅವರ ಮುಖ ನೋಡಬೇಕಿತ್ತು. ನನಗೂ ಒಂದು ಬೇಕು ಅನ್ನಿಸಿದ್ದು ಆವಾಗ. ಆದರೆ ಹೆಂಡತಿ, ಎರಡು ಮಕ್ಕಳು, ಬಾಡಿಗೆ ಮನೆ, ಊರಿಗೆ ಕಳಿಸುವ ದುಡ್ಡು. ಬೇಕು ಅನ್ನಿಸಿದ್ದನ್ನು ಮೂವತ್ತು ವರ್ಷ ಮಡಚಿ ಇಟ್ಟುಕೊಂಡೆ.

ಕೆಲಸ ಬಿಟ್ಟು ಊರಿಗೆ ಹಿಂತಿರುಗುವ ವರ್ಷ ಮಂಗಳೂರಿನ ಬಂದರಿನ ಹತ್ತಿರ ಒಂದು ಗುಜರಿ ಅಂಗಡಿಯಲ್ಲಿ ಅದು ಸಿಕ್ಕಿತು. ಜಪಾನಿನದು, ಎರಡು ಸಿಲಿಂಡರು, ಎಂಟು ಕುದುರೆ ಶಕ್ತಿ. ದೋಣಿ ಮಗುಚಿ ಉಪ್ಪುನೀರಿನಲ್ಲಿ ಮುಳುಗಿ ಎದ್ದದ್ದು. ಅಂಗಡಿಯವನು ಪ್ರಾಮಾಣಿಕ. "ಇದು ಸತ್ತದ್ದು ಮಾರಾಯ್ರೆ. ಹಗ್ಗ ಎಳೆದರೆ ಅಲುಗುವುದೇ ಇಲ್ಲ. ತೂಕದ ಲೆಕ್ಕಕ್ಕೆ ತಗೊಳ್ಳಿ" ಅಂದ. 30 ಕೆಜಿ ಹತ್ತಿರ ಇತ್ತು. ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಹಾಕಿಕೊಂಡು ಘಟ್ಟ ಹತ್ತಿದೆ. ಸತ್ತದ್ದನ್ನು ಹೊತ್ತು ತರುವುದು ನಮ್ಮ ವಂಶದ ಕೆಲಸ. ಆದರೆ ಇದನ್ನು ಯಾರೂ ಹೊರು ಅಂತ ಹೇಳಿರಲಿಲ್ಲ.

ಮನೆಯಲ್ಲಿ ಹೆಂಡತಿ, "ಕಾಲಿಡಾಕೆ ಜಾಗ ಇಲ್ಲ, ಇದೊಂದು ಬ್ಯಾರೆ ತಂದ್ರಾ?" ಅಂದಳು. ಕೇರಿಯವರು ಬಂದು ನೋಡಿದರು. "ಬೋರಿನ ಮೋಟ್ರಾ ಅಣ್ಣ?" ಅಲ್ಲ. "ಮಾರೋಕಾ?" ಅಲ್ಲ. "ಬಾಡಿಗೆಗಾ?" ಅಲ್ಲಪ್ಪ. "ಮತ್ಯಾಕೆ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೈಸೂರಿನಲ್ಲಿ ಓದುವ ತಮ್ಮನ ಮಗಳು, "ದೊಡ್ಡಪ್ಪಂಗೆ ಅದು ಹವ್ಯಾಸ" ಅಂತ ಬಿಡಿಸಿದಳು.

ಹವ್ಯಾಸ. ಈ ಮಾತು ನಮ್ಮ ಕೇರಿಯಲ್ಲಿ ಇರಲಿಲ್ಲ. ಹೊಟ್ಟೆ ತುಂಬಿದವರ ಮಾತು ಅದು, ಅಂಚೆಚೀಟಿ ಕೂಡಿಸುವವರದು. ನಮ್ಮ ಕೈಗೆ ಗೊತ್ತಿದ್ದ ಮಾತುಗಳು ಬಿಟ್ಟಿ, ಚಾಕರಿ, ಜೀತ, ಕೂಲಿ. ಅಪ್ಪ ಸಾಯೋಗಂಟ ತನಗಾಗಿ ಒಂದು ಜೊತೆ ಮೆಟ್ಟು ಹೊಲಿದುಕೊಳ್ಳಲಿಲ್ಲ. ಹೊಲಿದಿದ್ದರೂ ಊರೊಳಗೆ ಮೆಟ್ಟಿಕೊಂಡು ಓಡಾಡುವಂತಿರಲಿಲ್ಲ. ಅವನ ಕೈಯಲ್ಲಿ ಅಷ್ಟು ವಿದ್ಯೆ ಇತ್ತು. ಒಂದು ದಿನವಾದರೂ ಆ ಕೈ ತನಗೆ ಇಷ್ಟ ಬಂದದ್ದನ್ನು, ಯಾರೂ ಹೇಳದೆ, ಯಾರಿಗೂ ಲೆಕ್ಕ ಒಪ್ಪಿಸದೆ ಮಾಡಿತೆ? ನಾನು ಅರುವತ್ತು ದಾಟಿ ಒಂದು ಗುಜರಿ ಮೋಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತದ್ದು ಅದಕ್ಕೇ ಇರಬೇಕು.

ಈ ಮೋಟರಿನ ಮೂಲಪುರುಷರಲ್ಲಿ ಒಬ್ಬ ಓಲೆ ಎವಿನ್‌ರೂಡ್. ನಾರ್ವೆಯಲ್ಲಿ 1877ರಲ್ಲಿ ಹುಟ್ಟಿ, ಐದು ವರ್ಷದವನಿದ್ದಾಗ ತಾಯಿತಂದೆಯರ ಜೊತೆ ಅಮೆರಿಕಕ್ಕೆ ಹೊಟ್ಟೆಪಾಡಿಗೆ ಬಂದವನು. ಶಾಲೆ ಮೂರನೇ ತರಗತಿಗೇ ಮುಗಿಯಿತು, ಕಾರ್ಖಾನೆಗಳಲ್ಲಿ ಕೈಕೆಲಸ ಕಲಿತ. ಬಿಸಿಲಿನಲ್ಲಿ ಸರೋವರದ ಆಚೆಗೆ ದೋಣಿ ಹುಟ್ಟು ಹಾಕಿಕೊಂಡು ಹೋಗಿ ಹುಡುಗಿಗೆ ಐಸ್‌ಕ್ರೀಮು ತಂದನಂತೆ, ಬರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ, ಆ ಸಿಟ್ಟಿನಲ್ಲಿ ಮೋಟರು ಮಾಡಿದನಂತೆ. ಅವನಿಗಿಂತ ಮುಂಚೆಯೇ ಕ್ಯಾಮರೂನ್ ವಾಟರ್‌ಮನ್ ಎಂಬುವನು ಇಂಥ ಮೋಟರು ಮಾಡಿ ಮಾರಿದ್ದ. ಆದರೆ ಎವಿನ್‌ರೂಡ್ 1909ರಲ್ಲಿ ಮಾರುಕಟ್ಟೆಗೆ ತಂದ ಒಂದೂವರೆ ಕುದುರೆ ಶಕ್ತಿಯ ಮೋಟರು ಹೆಸರು ಮಾಡಿತು. ವ್ಯಾಪಾರದ ಲೆಕ್ಕ ನೋಡಿದವಳು ಆ ಹುಡುಗಿಯೇ, ಬೆಸ್. ಅವನ ಹೆಸರಿನ ಮೋಟರುಗಳ ತಯಾರಿಕೆ 2020ರಲ್ಲಿ ನಿಂತಿತು.

ಮೂರನೇ ಕ್ಲಾಸಿನ ಹುಡುಗ ಕೈಕೆಲಸದ ಬಲದಿಂದ ಅಷ್ಟು ದೂರ ಹೋದ. ಅವನ ಕೈ ಮುಟ್ಟಿದ ಕಬ್ಬಿಣವನ್ನು ಯಾರೂ ತೊಳೆಯಲಿಲ್ಲ. ನಮ್ಮ ಕೇರಿಗಳಲ್ಲಿ ಎಷ್ಟು ಎವಿನ್‌ರೂಡರು ಸತ್ತ ದನದ ಕಾಲು ಹಿಡಿದೇ ಮುಗಿದುಹೋದರು? ಅದಕ್ಕೆ ಯಾರ ಹತ್ತಿರ ಲೆಕ್ಕ ಕೇಳಬೇಕು?

ಬಿಚ್ಚುವುದೇ ಎರಡು ತಿಂಗಳ ಕೆಲಸವಾಯಿತು. ಉಪ್ಪುನೀರು ಅಲ್ಯೂಮಿನಿಯಮ್ಮನ್ನು ಬಿಳಿ ಪುಡಿ ಮಾಡಿ, ಬೋಲ್ಟನ್ನೂ ಬಾಡಿಯನ್ನೂ ಒಂದೇ ಮಾಡಿಬಿಟ್ಟಿರುತ್ತದೆ. ಜೋರು ಮಾಡಿದರೆ ಬೋಲ್ಟಿನ ತಲೆ ಕೈಗೆ ಬರುತ್ತದೆ, ಕಾಲು ಒಳಗೇ ಉಳಿಯುತ್ತದೆ. ಮೊದಲ ದಿನವೇ ಎರಡು ತಲೆ ಮುರಿದೆ. ಆ ರಾತ್ರಿ ಅಪ್ಪನ ಮಾತು ನೆನಪಿಗೆ ಬಂತು. ಹಸಿ ತೊಗಲಿಗೆ ನಾನು ಅವಸರದಲ್ಲಿ ದಬ್ಬಳ ಚುಚ್ಚಿ ಹರಿದಾಗ ಅಂದಿದ್ದ: "ತೊಗಲ ಜೊತೆ ಗುದ್ದಾಡ್ಬ್ಯಾಡ ಕಣ್ಲಾ ಮಗ. ಅದು ನೆನಿಯೋಗಂಟ ಕಾಯಿ. ನೆಂದ್ ಮ್ಯಾಲೆ ಅದೇ ದಾರಿ ಬುಡ್ತದೆ."

ಸರಿ, ನೆನೆ ಹಾಕಿದೆ. ಸ್ಪಾರ್ಕ್ ಪ್ಲಗ್ಗಿನ ತೂತುಗಳಿಂದ ಡೀಸೆಲ್ಲೂ ಎಣ್ಣೆಯೂ ಬೆರೆಸಿ ಸಿಲಿಂಡರಿನೊಳಕ್ಕೆ ಹುಯ್ದೆ. ಹದಿನೈದು ದಿನ ಮುಟ್ಟಲಿಲ್ಲ. ಬೋಲ್ಟುಗಳ ಸುತ್ತ ಬೆಂಕಿ ತೋರಿಸಿ, ಆರಲು ಬಿಟ್ಟು, ಎಣ್ಣೆ ಹಾಕಿ, ಮತ್ತೆ ಬೆಂಕಿ. ಬಿಚ್ಚುವ ಕಡೆಗೆ ಕಾಲು ಸುತ್ತು, ಬಿಗಿಯುವ ಕಡೆಗೆ ಅರ್ಧ ಪಾಲು, ಹೀಗೆ ಅಲುಗಿಸುತ್ತಾ ಅಲುಗಿಸುತ್ತಾ ಒಂದೊಂದೇ ಬಂದವು. ಪಿಸ್ಟನ್ನಿನ ಮೇಲೆ ಮರದ ತುಂಡಿಟ್ಟು ಸಣ್ಣಗೆ ತಟ್ಟಿದೆ. ಹದಿನೆಂಟನೇ ದಿನ ಫ್ಲೈವೀಲು ಒಂದು ಬೆರಳಷ್ಟು ಅಲುಗಿತು. ಒಬ್ಬನೇ ಕೂತಿದ್ದವನು "ಅಪ್ಪಾ" ಅಂದುಬಿಟ್ಟೆ.

ಬಿಚ್ಚಿದ ಮೇಲೆ ಕಾಯಿಲೆ ಏನೆಂದು ಕಂಡಿತು. ಪಿಸ್ಟನ್ ರಿಂಗುಗಳು ಇದ್ದಲು ಹಿಡಿದು ಗಾಡಿಯಲ್ಲೇ ಅಂಟಿಕೊಂಡಿದ್ದವು. ಕಾರ್ಬೊರೇಟರಿನ ಜೆಟ್ಟುಗಳಲ್ಲಿ ಹಳೆ ಎಣ್ಣೆ ಗೋಂದಾಗಿತ್ತು. ಕೆಳಗಿನ ಗೇರುಪೆಟ್ಟಿಗೆಯ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಅಂದರೆ ಸೀಲು ಹೋಗಿ ನೀರು ಒಳಗೆ ಸೇರಿದೆ. ಗೇರಿನ ಹಲ್ಲುಗಳು ಮಾತ್ರ ಗಟ್ಟಿಯಾಗಿದ್ದವು. ರಿಂಗು, ಸೀಲು, ರಬ್ಬರಿನ ಚಕ್ರ ಎಲ್ಲವನ್ನೂ ಕರಾವಳಿಯ ಗೆಳೆಯನಿಗೆ ಫೋನು ಮಾಡಿ ಬಂದರಿನ ಅಂಗಡಿಯಿಂದ ಬಸ್ಸಿಗೆ ಹಾಕಿಸಿಕೊಂಡೆ. ಕಾಗದದ ಗ್ಯಾಸ್ಕೆಟ್ಟುಗಳನ್ನು ನಾನೇ ಕತ್ತರಿಸಿದೆ. ಅದಕ್ಕೆ ಬಳಸಿದ್ದು ಅಪ್ಪನ ರಂಪಿ. ತೊಗಲು ಕುಯ್ದು ಕುಯ್ದು ಅರ್ಧ ಸವೆದಿದ್ದ ಆ ರಂಪಿಯನ್ನು ಅವ್ವ ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದಳು. ಗ್ಯಾಸ್ಕೆಟ್ಟಿನ ಅಂಚು ಕೂದಲೆಳೆಯಷ್ಟು ಆಚೀಚೆಯಾಗಲಿಲ್ಲ. ಎರಡು ಲೋಹದ ನಡುವೆ ಕೂತು ನೀರು ಸೋರದ ಹಾಗೆ ನೋಡಿಕೊಳ್ಳುವುದು ಗ್ಯಾಸ್ಕೆಟ್ಟಿನ ಕೆಲಸ. ಅಪ್ಪನ ಹೆಬ್ಬೆಟ್ಟು ಮಾಡುತ್ತಿದ್ದುದೂ ಅದೇ. ವರ್ಕ್‌ಶಾಪಿನ ಮೇಸ್ತ್ರಿ ನಮ್ಮವರ ಕೈಗೆ ಹತ್ತುವುದಲ್ಲ ಅಂದಿದ್ದು ಇದನ್ನೇ!

ಇನ್ನೊಂದು ಸಾಮಾನಿನ ಬಗ್ಗೆ ಹೇಳಬೇಕು. ಇಂಥ ಸಣ್ಣ ಮೋಟರುಗಳಲ್ಲಿ ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವುದು ಬೆರಳುದ್ದದ ಒಂದು ಪಿನ್ನು. ಅದನ್ನು ಬೇಕೆಂದೇ ಮೆತ್ತಗಿನ ಲೋಹದಲ್ಲಿ ಮಾಡಿರುತ್ತಾರೆ. ಪ್ರೊಪೆಲ್ಲರು ಬಂಡೆಗೋ ಮರದ ಬೇರಿಗೋ ಬಡಿದರೆ ಮೊದಲು ಪಿನ್ನು ಮುರಿಯುತ್ತದೆ, ಬೆಲೆಬಾಳುವ ಗೇರು ಉಳಿಯುತ್ತದೆ. ಅರಿಯದವರು ಪಿನ್ನಿನ ಬದಲು ಗಟ್ಟಿ ಮೊಳೆ ಬಡಿದರೆ ಮೊಳೆ ಉಳಿಯುತ್ತದೆ, ಗೇರು ಪುಡಿಯಾಗುತ್ತದೆ.

ಮುರಿದ ಹಳೆ ಪಿನ್ನನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಊರೆಂಬ ಯಂತ್ರದಲ್ಲಿ ನಮ್ಮ ಕೇರಿ ಇದ್ದದ್ದು ಈ ಜಾಗದಲ್ಲಿ. ಬರ ಬಂದರೆ ಮೊದಲು ಮುರಿದವರು ನಾವು. ಹೊಳೆ ಉಕ್ಕಿದರೆ ಮೊದಲು ಕೊಚ್ಚಿದ್ದು ನಮ್ಮ ಗುಡಿಸಲು. ಊರು ಉಳಿಯಿತು ಎಂದು ಎಲ್ಲರೂ ದೇವರಿಗೆ ಕೈಮುಗಿದರು. ಆದರೆ ಪಿನ್ನಿಗೂ ನಮಗೂ ಒಂದು ವ್ಯತ್ಯಾಸ. ಪಿನ್ನು ಹುಟ್ಟುವಾಗಲೇ ಮೆತ್ತಗೆ. ನಾವು ಹುಟ್ಟುವಾಗ ಹಾಗಿರಲಿಲ್ಲ. ನೆಲ, ನೀರು, ಅಕ್ಷರ ಮೂರನ್ನೂ ಕಿತ್ತುಕೊಂಡು ಮೆತ್ತಗೆ ಮಾಡಿದರು. ಈಗ ನಮ್ಮ ಹುಡುಗರು ಓದಿ ಗಟ್ಟಿಯಾಗಿದ್ದಾರೆ. ಊರಿನ ಗೇರು ಕರಕರ ಅನ್ನುತ್ತಿದೆ. ಅದಕ್ಕೆ ಮೊಳೆಯನ್ನು ಬೈಯುತ್ತಿದ್ದಾರೆ.

ಎಲ್ಲ ಜೋಡಿಸಿ, ಇನ್ನೂರು ಲೀಟರಿನ ಡ್ರಮ್ಮಿಗೆ ನೀರು ತುಂಬಿ, ಅಂಚಿಗೆ ಹಲಗೆ ಕಟ್ಟಿ, ಮೋಟರು ಕಚ್ಚಿಸಿದೆ. ಸೀಮೆಎಣ್ಣೆ ಈಗ ಮೊದಲಿನ ಹಾಗೆ ಸಿಗುವುದಿಲ್ಲ, ಪೆಟ್ರೋಲನ್ನೇ ಹಾಕಿದೆ. ಹೊಸ ರಿಂಗು ಪಳಗಬೇಕಾದ್ದರಿಂದ 25 ಪಾಲಿಗೆ 1 ಪಾಲು ಎಣ್ಣೆ. ಎಂಟು ಸಲ ಹಗ್ಗ ಎಳೆದೆ. ಒಂಬತ್ತನೇ ಸಲ ಕೆಮ್ಮಿತು. ಹತ್ತಕ್ಕೆ ಹತ್ತಿಕೊಂಡಿತು. ಕೇರಿಯ ನಾಯಿಗಳೆಲ್ಲ ಓಡಿದವು, ಮಕ್ಕಳೆಲ್ಲ ಬಂದವು. ನಾನು ಅರ್ಧ ನಿಮಿಷದಲ್ಲೇ ನಿಲ್ಲಿಸಿಬಿಟ್ಟೆ. "ಯಾಕ್ ದೊಡ್ಡಪ್ಪ, ಚೆನ್ನಾಗೇ ಓಡ್ತಿತ್ತಲ್ಲ?" ಅಂದಳು ತಮ್ಮನ ಮಗಳು. ಅವಳು ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿರುವವಳು, ರಜೆಗೆ ಬಂದಿದ್ದಳು.

ಮೋಟರಿನ ಹಿಂಬದಿಯಲ್ಲಿ ಒಂದು ಸಣ್ಣ ತೂತಿದೆ. ಇಂಜಿನ್ನು ಓಡುವಾಗ ಅದರಿಂದ ನೀರಿನ ಧಾರೆ ಚಿಮ್ಮಬೇಕು. ಕೆಳಗೆ ಉದ್ದನೆ ಶಾಫ್ಟಿನ ಜೊತೆ ಸುತ್ತುವ ರಬ್ಬರಿನ ಚಕ್ರ ಹೊಳೆಯ ನೀರನ್ನೇ ಎಳೆದು, ತಾಮ್ರದ ಕೊಳವೆಯಲ್ಲಿ ಮೇಲಕ್ಕೆ ಏರಿಸಿ, ಸಿಲಿಂಡರುಗಳ ಸುತ್ತ ಹರಿಸಿ ತಂಪು ಮಾಡುತ್ತದೆ. ಧಾರೆ ಬಂದರೆ ಇಂಜಿನ್ನಿಗೆ ನೀರು ಸಿಕ್ಕಿದೆ ಅಂತ ಅರ್ಥ. ಬರದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ನಮ್ಮದರಲ್ಲಿ ಧಾರೆ ಬರಲಿಲ್ಲ.

ನೀರಿನೊಳಗೇ ಕಾಲಿಟ್ಟುಕೊಂಡು ನೀರಿಲ್ಲದೆ ಸಾಯುವುದು! ಇದು ನಮಗೆ ಹೊಸತಲ್ಲ. ಹೊಳೆಯ ದಂಡೆಯಲ್ಲಿ ಹುಟ್ಟಿ, ಇನ್ನೊಬ್ಬರು ಎತ್ತಿ ಹುಯ್ಯುವ ಬಿಂದಿಗೆಗೆ ಕಾದವರು ನಾವು.

ಮತ್ತೆ ಬಿಚ್ಚಿದೆವು. ಈ ಸಲ ಹುಡುಗಿಯೂ ಕೂತಳು. ತಾಮ್ರದ ಕೊಳವೆಯಲ್ಲಿ ಉಪ್ಪು ಕಲ್ಲುಗಟ್ಟಿತ್ತು. ವಿನಿಗರಿನಲ್ಲಿ ನೆನೆಸಿ, ಸ್ಕೂಟರಿನ ಬ್ರೇಕ್ ತಂತಿ ತೂರಿಸಿ ತೆಗೆದಳು. ರಬ್ಬರಿನ ಚಕ್ರವನ್ನು ಕೂರಿಸುವಾಗ ಶಾಫ್ಟನ್ನು ಅದು ತಿರುಗುವ ದಿಕ್ಕಿಗೇ ತಿರುಗಿಸುತ್ತಾ ಮುಚ್ಚಳ ಒತ್ತಬೇಕು, ಆಗ ರೆಕ್ಕೆಗಳು ಸರಿಯಾಗಿ ಬಾಗಿಕೊಳ್ಳುತ್ತವೆ ಎಂದು ತೋರಿಸಿಕೊಟ್ಟೆ. ಬೆನ್ನು ತಿರುಗಿಸಿ ಅಲ್ಲ, ಎದುರಿಗೆ ಕೂತು. ಎರಡನೇ ಸಲಕ್ಕೆ ಅವಳೇ ಮಾಡಿದಳು. ಸಂಜೆ ಡ್ರಮ್ಮಿನಲ್ಲಿ ಚಾಲೂ ಮಾಡಿದಾಗ ಧಾರೆ ಚಿಮ್ಮಿ ಅವಳ ಮುಖಕ್ಕೇ ಹೊಡೆಯಿತು.

ದೋಣಿ ನನ್ನದಲ್ಲ. ಮೀನು ಹಿಡಿಯುವ ಗೆಳೆಯನದು, ಫೈಬರಿನದು. ಒಂದು ಭಾನುವಾರ ಹೊಳೆಗೆ ಹೊತ್ತೆವು. ಜನ ಸೇರಿದರು. ಸೇತುವೆ ಬಂದ ಮೇಲೆ ಆ ಕಡವಿನಲ್ಲಿ ಜನ ಸೇರಿದ್ದು ಅದೇ ಮೊದಲು. ಊರೊಳಗಿನಿಂದ ಒಬ್ಬ ಹಿರಿಯ ಗೌಡರೂ ಬಂದರು. ಹುಡುಗನಾಗಿದ್ದಾಗ ಅವರು ಅಪ್ಪ ಹೊಲಿದ ಹರಿಗೋಲಿನಲ್ಲಿ ಮೊದಲ ಸಾಲಿಗೆ ಹತ್ತಿ ಕೂರುತ್ತಿದ್ದುದನ್ನು ನಾನು ನೋಡಿದ್ದೆ. ಮೋಟರು ನೋಡಿ ಖುಷಿಯಿಂದಲೇ ಅಂದರು: "ಭೇಷ್ ಕಣಪ್ಪ. ಕಾಲ ಬದಲಾಯ್ತು ನೋಡು. ಇಂಜಿನ್ನಿಗೆ ಜಾತಿ ಇಲ್ಲ."

"ಹರಿಗೋಲಿಗೂ ಇರ್ಲಿಲ್ಲ ಗೌಡ್ರೇ" ಅಂದೆ.

ಅವರು ಮಾತಾಡಲಿಲ್ಲ. ಆಮೇಲೆ, "ನಂದೂ ಒಂದು ಸುತ್ತು ಆಗ್ಲಿ" ಅಂತ ಎಕ್ಕಡ ಬಿಟ್ಟು ಮುಂದೆ ಬಂದರು. ನನ್ನ ಬಾಯಲ್ಲಿ ಯಾವಾಗಿನಿಂದ ಕಾದಿತ್ತೋ, ಮಾತು ಹೊರಗೆ ಬಂತು: "ಮೊದ್ಲು ನಮ್ ಮಕ್ಳು ಹೋಗ್ಬರ್ಲಿ ಗೌಡ್ರೇ. ಆಮ್ಯಾಕೆ ನೀವು. ಸ್ವಲ್ಪ ನಿಂತ್ಕಳಿ."

2018ರಲ್ಲಿ ಕೇರಳದಲ್ಲಿ ನೆರೆ ಬಂದಾಗ ಕಡಲಿನ ಮೀನುಗಾರರು ತಮ್ಮ ದೋಣಿ, ಇದೇ ಜಾತಿಯ ಮೋಟರುಗಳನ್ನು ಲಾರಿಗೆ ಹೇರಿಕೊಂಡು ಬಂದು ಸಾವಿರಾರು ಜನರನ್ನು ಉಳಿಸಿದರು. ನೆರೆಯ ನೀರು ಬಂದಿದ್ದರೂ ಮೀನುಗಾರನ ದೋಣಿ ಹತ್ತಲು ಮಡಿವಂತರು ಹಿಂಜರಿದದ್ದನ್ನು ಆವಾಗ ಪತ್ರಿಕೆಗಳು ಬರೆದವು. ಮೋಟರು ಬಂದರೆ ಸಾಲದು. ಹತ್ತುವವರ ತಲೆಯೊಳಗಿನ ತುಕ್ಕು ಯಾವ ಎಣ್ಣೆಯಲ್ಲಿ ನೆನೆಸಿದರೆ ಬಿಡುತ್ತದೆ?

ಎರಡು ಮಕ್ಕಳನ್ನು ಜಾಕೆಟ್ಟು ತೊಡಿಸಿ ಕೂರಿಸಿದೆವು. ತಮ್ಮನ ಮಗಳು ಮುಂದೆ ಕೂತಳು. ಧಾರೆ ಸರಿಯಾಗಿ ಚಿಮ್ಮುತ್ತಿತ್ತು. ನಡುಹೊಳೆಗೆ ಹೋಗಿದ್ದೆವು. ಬೇಸಿಗೆ ನೀರು, ಕೆಳಗಿನ ಬಂಡೆ ಕಾಣಲಿಲ್ಲ. ಟಕ್ ಎಂದಿತು. ಇಂಜಿನ್ನು ಒಂದೇ ಸಮ ಕಿರುಚಿಕೊಂಡಿತು, ದೋಣಿ ನಿಂತಿತು. ಪಿನ್ನು. ಮಕ್ಕಳು ಹೆದರಿ ಹಲಗೆ ಹಿಡಿದುಕೊಂಡವು. ಇಂಜಿನ್ನು ನಿಲ್ಲಿಸಿ, ಮೋಟರಿನ ಕಾಲು ಮೇಲೆತ್ತಿ, ಜೇಬಿನಿಂದ ಹೊಸ ಪಿನ್ನು ತೆಗೆದೆ. ನನ್ನ ಕೈ ನಡುಗುತ್ತಿತ್ತು. "ಕೊಡಿ ದೊಡ್ಡಪ್ಪ" ಅಂತ ಹುಡುಗಿ ಇಸಕೊಂಡಳು. ಮುರಿದ ತುಂಡುಗಳನ್ನು ಬಡಿದು ತೆಗೆದು, ಹೊಸದು ತೂರಿಸಿ, ಪ್ರೊಪೆಲ್ಲರು ಏರಿಸಿ, ತುದಿಯ ಸ್ಪ್ಲಿಟ್ ಪಿನ್ನು ಬಾಗಿಸಿದಳು. ಹತ್ತು ನಿಮಿಷ ಹಿಡಿದಿರಬಹುದು. ಗೇರು ಉಳಿದಿತ್ತು.

ದಡಕ್ಕೆ ಬಂದಾಗ ಗೌಡರು ಇರಲಿಲ್ಲ. ಹೊರಟುಹೋಗಿದ್ದರು. ಬಿಸಿಲಿಗೆ ನಿಲ್ಲಲಾರದೆ ಹೋದರೋ, ನಿಂತ್ಕಳಿ ಅಂದದ್ದಕ್ಕೆ ಹೋದರೋ ಗೊತ್ತಿಲ್ಲ. ಕೇರಿಯ ಹುಡುಗರು ನಕ್ಕರು. ನಾನು ನಗಲಿಲ್ಲ. ಗೆದ್ದೆ ಅನ್ನಿಸಲಿಲ್ಲ. ಎಪ್ಪತ್ತೈದು ದಾಟಿದ ಮುದುಕನನ್ನು ಬಿಸಿಲಲ್ಲಿ ನಿಲ್ಲಿಸುವುದಕ್ಕೆ ನಾನು ಅಷ್ಟು ತಿಂಗಳು ಬೋಲ್ಟು ಬಿಚ್ಚಿದ್ದಲ್ಲ. ಆದರೆ ಒಂದು ಮಾತು ಮಾತ್ರ ಬಿಡದೆ ಕೊರೆಯಿತು: ಅವರಿಗೆ ಸಾಕೆನಿಸಿದಾಗ ಹೊರಟುಹೋಗಲು ಮನೆ ಇತ್ತು, ದಾರಿ ಇತ್ತು. ಅಪ್ಪನಿಗೆ ಇರಲಿಲ್ಲ. ಅವನು ಕೊನೆಯ ಸುತ್ತು ಬರೋಗಂಟ ನಿಲ್ಲಲೇಬೇಕಿತ್ತು.

ಮಾರನೆಯ ದಿನ ಅವರ ಮನೆಯ ಮುಂದೆ ಹೋದಾಗ, "ಬನ್ನಿ ಗೌಡ್ರೇ, ಇವತ್ತು ಹೋಗಣ" ಅಂತ ಕರೆದೆ. "ಮಂಡಿ ನೋವು ಕಣಪ್ಪ" ಅಂದರು. ಕರೆಯುವುದು ನನ್ನ ಕೆಲಸ, ಹತ್ತುವುದು ಅವರದು. ದೋಣಿ ಅಲ್ಲೇ ಇದೆ.

ಮೋಟರನ್ನು ಈಗ ಹುಡುಗಿ ನೋಡಿಕೊಳ್ಳುತ್ತಾಳೆ. ರಜೆಗೆ ಬಂದಾಗ ಕೇರಿಯ ನಾಲ್ಕು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಪೂರ್ತಿ ಬಿಚ್ಚಿ ಪೂರ್ತಿ ಜೋಡಿಸುತ್ತಾಳೆ. ಅವರಲ್ಲಿ ಇಬ್ಬರು ಊರೊಳಗಿನ ಮಕ್ಕಳು. ಬರಬೇಡ ಅಂತ ನಾವು ಹೇಳಲಿಲ್ಲ. ಗ್ಯಾಸ್ಕೆಟ್ಟು ಕತ್ತರಿಸುವಾಗ ಅವಳು ರಂಪಿಯನ್ನೇ ಕೇಳುತ್ತಾಳೆ. ಬ್ಲೇಡು ಜಾರುತ್ತದಂತೆ. ಹೋದ ಸಲ ಹಿಡಿ ಸಡಿಲವಾಗಿತ್ತು. ಹೊಸ ಹಿಡಿ ಹಾಕಿ ಕೊಟ್ಟಿದ್ದೇನೆ.